ಕಲ್ಲು ಕುಡಿದ ನೀರು

ಆಗೆಲ್ಲ ನಮ್ಮೂರ ಹುಡುಗಿಯರ ವಯಸ್ಸನ್ನು ಮುಖ ನೋಡಿ ಅಲ್ಲ, ಪರಕಾರದ, ಅಂದರೆ ಲಂಗದ, ಹಿಂಭಾಗ ನೋಡಿ ಹೇಳುತ್ತಿದ್ದರು. ಅಲ್ಲಿ ತೇಪೆಯ ಮೇಲೆ ತೇಪೆ ಇದ್ದರೆ ಇನ್ನೂ ಜಾರುವ ವಯಸ್ಸು. ತೇಪೆಯಿಲ್ಲದ ಪರಕಾರ ಉಟ್ಟು ಯಾವಳಾದರೂ ಬಾವಿಗೆ ಬಂದಳೆಂದರೆ ಅವಳ ಮನೆಯಲ್ಲಿ ಗಂಡು ನೋಡುತ್ತಿದ್ದಾರೆ ಎಂದು ಅರ್ಥ. ನನ್ನ ಪರಕಾರಕ್ಕೆ ತೇಪೆ ಕಡಿಮೆ ಇದ್ದವು. ದೊಡ್ಡವಳಾಗಿದ್ದೆ ಎಂದಲ್ಲ, ಅಂಜಿಕೆ. ಉಳಿದವರು ಹತ್ತು ಸಲ ಜಾರಿ ಹತ್ತಿ ಬರುವಷ್ಟರಲ್ಲಿ ನಾನು ಒಂದು ಸಲ ಜಾರಲೋ ಬೇಡವೋ ಎಂದು ಮೇಲೆ ಕೂತೇ ಇರುತ್ತಿದ್ದೆ.

ಇರಕಲ್ಲಗಡದಿಂದ ಆಚೆ, ಗುಡ್ಡದ ಬುಡಕ್ಕೆ ಅಂಟಿಕೊಂಡಂತೆ ಇತ್ತು ನಮ್ಮೂರು. ಬೇರೆ ಊರುಗಳಲ್ಲಿ ನಾಗರಪಂಚಮಿ ಎಂದರೆ ಜೋಕಾಲಿ. ನಮ್ಮಲ್ಲಿ ಜೋಕಾಲಿ ಕಟ್ಟುವಂಥ ಮರಗಳೇ ಇರಲಿಲ್ಲ. ಮರ ಕೊಡುವ ಮನಸ್ಸಾಗದ ದೇವರು ಕಲ್ಲು ಕೊಟ್ಟಿದ್ದ, ಅದನ್ನು ಮಾತ್ರ ಕೈಬಿಚ್ಚಿ ಕೊಟ್ಟಿದ್ದ. ಊರ ಹಿಂದಿನ ಗುಡ್ಡದ ಒಂದು ಮಗ್ಗುಲು ಇಡಿಯಾಗಿ ಒಂದೇ ಬಂಡೆ. ಮೇಲಿನಿಂದ ಕೆಳಗಿನವರೆಗೆ ಅದರ ನಡುವೆ ಒಬ್ಬರು ಕೂರುವಷ್ಟು ಅಗಲದ ನುಣುಪಾದ ದಾರಿ. ಮುಂಜಾನೆಯ ಬಿಸಿಲು ಬಿದ್ದರೆ ತಿಕ್ಕಿಟ್ಟ ಹಿತ್ತಾಳೆ ಕೊಡದಂತೆ ದೂರಕ್ಕೂ ಹೊಳೆಯುತ್ತಿತ್ತು. ಅದೇ ಜಾರಗಲ್ಲು.

ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಇದೇ ಊರಲ್ಲಿ ಹುಟ್ಟಿ ಇದೇ ಊರಿಗೆ ಸೊಸೆಯಾದವಳು, ಅದರ ಚರಿತ್ರೆಯನ್ನು ನನಗೆ ಬೈಯುವ ನೆಪದಲ್ಲಿ ಹೇಳುತ್ತಿದ್ದಳು. "ನಮ್ಮವ್ವನ ಅವ್ವ ಜಾರಿದ ಕಲ್ಲದು. ಆಗ ಹಿಂಗ ನುಣ್ಣಗ ಇದ್ದಿದ್ದಿಲ್ಲಂತ. ಅಕಿ ಮೈ ತಿಕ್ಕಿ ನಮಗ ನುಣ್ಣಗ ಮಾಡಿದ್ಳು. ನಾವು ತಿಕ್ಕಿ ನಿಮಗ ಮಾಡೇವಿ. ನೀ ಹಿಂಗ ಕುಂತ್ರ ನಿನ್ನ ಮಗಳಿಗೆ ಯಾರು ಮಾಡಬೇಕು?"

ಶ್ರಾವಣದ ಮೋಡ ಕವಿದು ಗಾಳಿ ಬೀಸತೊಡಗಿದರೆ ಊರಿಗೆ ಊರೇ ಕಲ್ಲಿನ ಕೆಲಸಕ್ಕೆ ಇಳಿಯುತ್ತಿತ್ತು. ಜಾರಿ ಬಂದವರು ಬೀಳುವ ಗುಂಡಿಗೆ ಮನೆಗೊಂದು ಬುಟ್ಟಿ ಹಳ್ಳದ ಉಸುಕು ತಂದು ಹಾಕಬೇಕು. ಕೂತು ಜಾರಲು ನಾವು ಲಕ್ಕಿ ಗಿಡದ ಟೊಂಗೆಗಳನ್ನು ಮುರಿದು ತರುತ್ತಿದ್ದೆವು. ಮೈಭಾರಕ್ಕೆ ಅರೆದುಹೋದ ಲಕ್ಕಿ ಎಲೆಯ ಘಾಟು, ಮಳೆಗೆ ನೆಂದ ಕಲ್ಲಿನ ವಾಸನೆ, ಮಡಿಲಲ್ಲಿ ಕಟ್ಟಿಕೊಂಡು ಹೋದ ಜೋಳದ ಅಳ್ಳು, ಶೇಂಗಾ ಉಂಡಿ... ಇವು ನಾಲ್ಕೂ ಕೂಡಿದರೆ ನನ್ನ ಮಟ್ಟಿಗೆ ಪಂಚಮಿ.

ಕಲ್ಲಿಗೆ ಒಂದೇ ಒಂದು ಕಟ್ಟಳೆ ಇತ್ತು. ಅದಕ್ಕೆ ಕಬ್ಬಿಣ ಮುಟ್ಟಿಸಬಾರದು. ಕುಡುಗೋಲು ಹಿಡಿದು ಹುಲ್ಲಿಗೆ ಹೋಗುವವರೂ ಅದನ್ನು ಬಳಸಿ ಹೋಗುತ್ತಿದ್ದರು. ಯಾಕೆ ಎಂದು ಕೇಳಿದರೆ "ಹಿರ್ಯಾರು ಹೇಳ್ಯಾರ" ಎನ್ನುವರು. ಹಿರಿಯರು ಯಾಕೆ ಹೇಳಿದರು ಎಂದು ಕೇಳುವಷ್ಟು ಧೈರ್ಯ ನನಗಿರಲಿಲ್ಲ.

ಇನ್ನು ಪಂಚಮಿಯ ಸಾಲು. ಆ ವರ್ಷ ಲಗ್ನವಾಗಿ ಮೊದಲ ಹಬ್ಬಕ್ಕೆ ತವರಿಗೆ ಬಂದ ಮಗಳು ಕಲ್ಲಿನ ನೆತ್ತಿಯಲ್ಲಿ ಮುಂದೆ ಕೂರುವಳು. ಅವಳ ಸೊಂಟ ಹಿಡಿದು ಅವಳ ತಂಗಿ, ತಂಗಿಯ ಹಿಂದೆ ಊರ ಹುಡುಗಿಯರೆಲ್ಲ. ಸಾಲು ಒಂದೇ ಮೈಯಾಗಿ ಕೆಳಗಿಳಿಯಬೇಕು. ಅದು ಇಳಿಯುವವರೆಗೆ ಆ ದಿನ ಬೇರೆ ಯಾರೂ ಜಾರುವಂತಿಲ್ಲ. ಮೊದಲ ಪಂಚಮಿಯ ಮಗಳು ಮುಂದೆ ಇಲ್ಲದಿದ್ದರೆ ಸಾಲೇ ಇಲ್ಲ. ಆ ಭಾಗ್ಯ ಒಬ್ಬಳಿಗೆ ಜನ್ಮದಲ್ಲಿ ಒಮ್ಮೆ ಮಾತ್ರ.

ಆ ವರ್ಷ ಮುಂದೆ ಕೂರಬೇಕಾದವಳು ನಮ್ಮ ಅಕ್ಕ ಗಂಗವ್ವ. ಹಿಂದೆ ಕೂರಬೇಕಾದವಳು ನಾನು.

ಅದು ಯುದ್ಧದ ಕಾಲ. ಯುದ್ಧ ಎಲ್ಲಿ ನಡೆದಿತ್ತೋ ನಮಗೆ ತಿಳಿಯದು. ಅರಿವಿ ಅಂಗಡಿಗೆ ಮಾತ್ರ ಅದು ಬಂದು ಮುಟ್ಟಿತ್ತು. ಬಟ್ಟೆಗೆ ಕಂಟ್ರೋಲು. ಕೊಪ್ಪಳಕ್ಕೆ ಹೋಗಿ ದಿನವಿಡೀ ಸಾಲಿನಲ್ಲಿ ನಿಂತರೂ ಕೈಗೆ ಸಿಗುವುದು ಗಂಜಿ ಹಾಕಿದ ಒರಟು ತುಂಡು. ಸರಿಯಾಗಿ ಅದೇ ವರ್ಷ ಜಾರಗಲ್ಲಿನ ನಡುದಾರಿಯಲ್ಲಿ ಒಂದು ಸಿಪ್ಪೆ ಎದ್ದಿತ್ತು. ಕಲ್ಲಿನದೇ ತೆಳ್ಳನೆಯ ಪದರು, ಅದರ ಅಂಚು ಬ್ಲೇಡಿನಂತೆ. ಜಾರಿದವರ ಪರಕಾರ ಅಲ್ಲಿಗೆ ಬಂದೊಡನೆ ಚರ್ರೆಂದು ಹರಿಯುತ್ತಿತ್ತು. ತಾಯಂದಿರು ರೇಗಿದರು. "ಹರಕಂಡು ಬಂದ್ರ ಈ ಸಲ ಬರೇ ಮೈಲೆ ತಿರುಗ್ರಿ" ಎಂದು ನಮ್ಮವ್ವ ಸಾರಿಬಿಟ್ಟಳು.

ಸಂಗತಿ ಕಟ್ಟೆಗೆ ಹೋಯಿತು. ಕಲ್ಲು ಒಡೆಯುವವರನ್ನು ಕರೆಸಿ ಸಿಪ್ಪೆ ತೆಗೆಸೋಣವೆಂದರೆ ಉಳಿ ಕಬ್ಬಿಣದ್ದು. ಹಾಗೆಯೇ ಬಿಡೋಣವೆಂದರೆ ಅರಿವಿ ಇಲ್ಲ. ಎಲ್ಲರೂ ಗಡ್ಡ ಕೆರೆಯುತ್ತ ಕೂತಿದ್ದಾಗ ನಮ್ಮ ದೊಡ್ಡಪ್ಪ ಎದ್ದು ನಿಂತ. ಅಪ್ಪನ ಅಣ್ಣ, ಊರಿಗೆ ದೊಡ್ಡ ದನಿ. ಅವನಿಗೆ ತಿಳಿಯದ ವಿಷಯ ಇರಲಿಲ್ಲ. ಇದ್ದರೂ ಅವನಿಗೆ ಅದು ತಿಳಿಯುತ್ತಿರಲಿಲ್ಲ.

"ಹಿರ್ಯಾರು ಕಬ್ಬಿಣ ಮುಟ್ಟಿಸಬ್ಯಾಡ್ರಿ ಅಂದಾರ," ಎಂದ. "ಬೆಂಕಿ ಮುಟ್ಟಿಸಬ್ಯಾಡ್ರಿ ಅಂದಾರೇನು?"

ಹಿರಿಯರು ಹಾಗೆ ಅಂದದ್ದನ್ನು ಯಾರೂ ಕೇಳಿರಲಿಲ್ಲ. ಊರಿಗೆ ಹಗುರವಾಯಿತು. ಮರುದಿನವೇ ಹತ್ತಿಕಟ್ಟಿಗೆ, ಕುಳ್ಳು ಹೊತ್ತು ತಂದು ಸಿಪ್ಪೆಯ ಮೇಲೆ ಒಟ್ಟಿದರು. ಮುಂಜಾನೆ ಹಚ್ಚಿದ ಬೆಂಕಿ ಸಂಜೆಯವರೆಗೆ ಉರಿಯಿತು. ಗುಡ್ಡದ ಮೇಲೆ ಹೊಗೆ ಏಳುವುದನ್ನು ನೋಡುತ್ತ ಆಯಿ ಯಾಕೋ ಎರಡು ಸಲ ಕೈ ಮುಗಿದಳು. ಕಲ್ಲು ಕೆಂಡದಂತೆ ಕಾದ ಮೇಲೆ ಗಂಡಸರು ಮೇಲಿನಿಂದ ಕೊಡಗಟ್ಟಲೆ ತಣ್ಣೀರು ಸುರಿದರು. ಫಟ್ ಎಂದಿತು. ಗುಡ್ಡದ ಪಾರಿವಾಳಗಳೆಲ್ಲ ಒಮ್ಮೆಲೇ ಎದ್ದವು. ಸಿಪ್ಪೆ ಕಳಚಿ ತುಂಡುತುಂಡಾಗಿ ಕೆಳಗೆ ಉರುಳಿತು. ದೊಡ್ಡಪ್ಪ ಮೀಸೆ ತಿರುವಿದ.

ಪಾರಿವಾಳಗಳು ಮಾತ್ರ ಆ ಸಂಜೆ ತಿರುಗಿ ಬರಲಿಲ್ಲ. ಮರುದಿನವೂ ಬರಲಿಲ್ಲ. ಇದನ್ನು ಗಮನಿಸಿದವಳು ಊರಿಗೆಲ್ಲ ನಾನೊಬ್ಬಳೇ ಇರಬೇಕು. ಅಂಜುವವರಿಗೆ ಇಂಥ ಕೆಲಸಕ್ಕೆ ಪುರುಸೊತ್ತು ಬಹಳ.

ಎರಡು ದಿನ ಬಿಟ್ಟು ಜಾರಿ ನೋಡಿದೆವು. ಬೆಣ್ಣೆ! ಅಷ್ಟು ನುಣುಪು ಹಿಂದೆಂದೂ ಇರಲಿಲ್ಲ. ಆದರೆ ಸುಟ್ಟ ಜಾಗ ದಾಟುವಾಗ ನನ್ನ ಹಿಮ್ಮಡಿ ತಗುಲಿ ಡಬ್ ಎಂದಿತು. ಮೊದಲು ಹಿಮ್ಮಡಿ ಬಡಿದರೆ ಹಿಮ್ಮಡಿ ನೋಯುತ್ತಿತ್ತು, ಕಲ್ಲು ಸುಮ್ಮನಿರುತ್ತಿತ್ತು. ಈಗ ಅದು ಓಗೊಟ್ಟಿತು. ನಮ್ಮ ಅಂಗಳದಲ್ಲಿ ಜೋಳ ತುಂಬಿಡುವ ಹಗೇವು ಇತ್ತು, ನೆಲದೊಳಗಿನ ಕಣಜ. ಜೋಳ ತೀರಿದ ಮೇಲೆ ಅದರ ಮೇಲೆ ನಡೆದರೆ ಇಂಥದೇ ಸಪ್ಪಳ. ಆ ರಾತ್ರಿ ಅವ್ವ ರೊಟ್ಟಿ ಬೇಯಿಸುವುದನ್ನು ನೋಡುತ್ತ ಕೂತಿದ್ದೆ. ರೊಟ್ಟಿಯನ್ನು ಕೆಂಡಕ್ಕೆ ಒರಗಿಸಿದೊಡನೆ ಅದು ಉಬ್ಬಿ ಮೇಲಿನ ಪದರು ಬೇರೆಯಾಯಿತು. ನಮ್ಮವರು ಬಂಡೆಯನ್ನು ರೊಟ್ಟಿ ಮಾಡಿದ್ದರು.

"ಅವ್ವಾ, ಜಾರಗಲ್ಲು ಉಬ್ಬೈತಿ" ಎಂದೆ.

"ನಿನ್ನ ಮಾರಿ ಉಬ್ಬಸ್ತೀನಿ ಈಗ. ಉಣ್ಣು."

ದೊಡ್ಡಪ್ಪನ ಹತ್ತಿರ ಹೋಗಿ ಹೇಳಿದೆ. ಅವನು ಕಟ್ಟೆಯ ತುಂಬ ನಕ್ಕ. "ಏ ನೀಲಿ, ಟೊಳ್ಳು ಇರೂದು ನಿನ್ನ ತಲಿ. ಅದರ ಸಪ್ಪಳ ಕೇಳೀದಿ ನೀ!"

ಅವರದೂ ತಪ್ಪಲ್ಲ. ಬಾವಿಯ ಆಮೆ ಸತ್ತಿದೆ ಎಂದು ನಾನು ಓಣಿಯಲ್ಲೆಲ್ಲ ಅತ್ತುಕೊಂಡು ತಿರುಗಿದ್ದೆ. ಮರುದಿನ ಅದು ಮೆಟ್ಟಿಲ ಮೇಲೆ ಬಿಸಿಲು ಕಾಯಿಸುತ್ತ ಕೂತಿತ್ತು. ಅಪ್ಪ ಸಂತೆಯಿಂದ ಬರಲು ತಡಮಾಡಿದಾಗಲೆಲ್ಲ ಚಿರತೆ ತಿಂದಿದೆ ಎಂದು ಸಾರಿದ್ದೆ. ಅಪ್ಪ ಪ್ರತಿ ಸಲವೂ ಬೆಲ್ಲ ಹೊತ್ತು ಬರುತ್ತಿದ್ದ. ಇಷ್ಟೆಲ್ಲ ಆದ ಮೇಲೆ ನನ್ನ ಮಾತಿಗೆ ಕಲ್ಲೇ ಎದ್ದು ಬಂದು ಸಾಕ್ಷಿ ನುಡಿಯಬೇಕಿತ್ತು.

ಹಬ್ಬದ ಮುನ್ನಾದಿನ ಗಂಗಕ್ಕ ಯಲಬುರ್ಗಾ ಕಡೆಯಿಂದ ಚಕ್ಕಡಿಯಲ್ಲಿ ಬಂದಿಳಿದಳು. ಆ ಬೇಸಿಗೆಯಲ್ಲೇ ಅವಳ ಲಗ್ನವಾಗಿತ್ತು. ಹದಿನಾರು ತುಂಬಿತ್ತೋ ಇಲ್ಲವೋ. ಅವಳ ಗಂಡನ ಊರಿನದು ಎರಿ ಭೂಮಿ, ಕಣ್ಣು ಹರಿದಷ್ಟೂ ಕಪ್ಪು ಮಣ್ಣು. "ನಾಯಿಗೆ ಒಗೀತೀನಂದ್ರ ಒಂದು ಕಲ್ಲು ಸಿಗೂದಿಲ್ಲ ಬೇ ಅಲ್ಲಿ" ಎಂದು ನಗಿಸಿದಳು. ಅತ್ತೆ ಅವಳನ್ನು 'ಕಲ್ಲೂರಕಿ' ಎಂದೇ ಕರೆಯುವಳಂತೆ. ಮೂರು ತಿಂಗಳಿಂದ ಜಾರಗಲ್ಲು ಅವಳ ಕನಸಿಗೆ ಬರುತ್ತಿತ್ತಂತೆ. ಅದನ್ನು ಹೇಳುವಾಗ ಅವಳ ಕಣ್ಣು ಎಷ್ಟು ಹೊಳೆದವೆಂದರೆ, ನಾನು ಬಾಯಿಗೆ ಬಂದ ಮಾತನ್ನು ಉಂಡಿಯ ಜೊತೆ ನುಂಗಿದೆ.

ಪಂಚಮಿಯ ದಿನ ನಾಗಪ್ಪನಿಗೆ ಹಾಲೆರೆದು, ಉಂಡು, ಹೊತ್ತು ಇಳಿಯುವಾಗ ಊರೆಲ್ಲ ಗುಡ್ಡ ಹತ್ತಿತು. ಮೋಡ ತಲೆಗೆ ತಾಗುವಂತೆ ಇಳಿದಿತ್ತು. ಗಾಳಿ ನಿಂತಿತ್ತು. ಸಾಲು ಇಳಿಯುವ ಮೊದಲು, ಮುಂದೆ ಕೂರುವವಳ ಮನೆತನದ ಹಿರಿಯ ಹೆಂಗಸು ನೆತ್ತಿಯಿಂದ ಒಂದು ಕೊಡ ನೀರು ಬಿಡಬೇಕು. ನೀರು ದಾರಿಗುಂಟ ಹರಿದು ಕೆಳಗಿನ ಉಸುಕು ಮುಟ್ಟಿದರೆ ಅಲ್ಲಿ ಕಾದಿರುವ ಸಣ್ಣ ಮಕ್ಕಳು ಅದನ್ನು ಬೊಗಸೆಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡು ಕೇಕೆ ಹಾಕುವರು. ಆ ಕೇಕೆ ಕೇಳಿದ ಮೇಲೆ ಸಾಲು.

ಆಯಿ ಕೊಡ ಬಗ್ಗಿಸಿದಳು. ನೀರು ಹಾವಿನಂತೆ ಸರಸರ ಇಳಿಯಿತು. ಸುಟ್ಟ ಜಾಗಕ್ಕೆ ಹೋಯಿತು. ಅಷ್ಟೇ. ಅಲ್ಲಿಂದ ಕೆಳಗೆ ಕಲ್ಲು ಒಣಗಿಯೇ ಇತ್ತು. ಕೆಳಗೆ ಮಕ್ಕಳು ಬೊಗಸೆಯೊಡ್ಡಿಕೊಂಡು ಮೇಲೆ ನೋಡುತ್ತಿದ್ದರು. ಯಾರೂ ಕೇಕೆ ಹಾಕಲಿಲ್ಲ.

"ಇನ್ನೊಂದು ಕೊಡ ಬಿಡ್ರಿ" ಎಂದ ದೊಡ್ಡಪ್ಪ. ಬಿಟ್ಟರು. ಅದೂ ಅಲ್ಲಿಯೇ ಕಾಣೆಯಾಯಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಆಗ ದೊಡ್ಡಪ್ಪ ಚಪ್ಪಾಳೆ ಹೊಡೆದ. "ಕಲ್ಲಿಗೆ ನೀರಡಿಸಿತ್ತು, ಕುಡೀತು! ಇದರಕಿಂತ ಛಲೋ ಶಕುನ ಬೇಕೇನು? ಸಾಲು ಕಟ್ಟರಿ!"

ಶಕುನವೆಂದರೆ ನಂಬುವ ಜನ, ನಂಬಿದರು. ಎರಡು ಕೊಡ ಕುಡಿಯುವ ಕಲ್ಲಿನ ಹೊಟ್ಟೆ ಎಷ್ಟು ದೊಡ್ಡದಿರಬೇಕು ಎಂದು ನಾನೊಬ್ಬಳೇ ಲೆಕ್ಕ ಹಾಕುತ್ತಿದ್ದೆ.

ಗಂಗಕ್ಕ ಹಸಿರು ಸೀರೆಯ ಕಚ್ಚೆ ಬಿಗಿದು ಲಕ್ಕಿ ಟೊಂಗೆಯ ಮೇಲೆ ಕೂತಳು. ನನ್ನನ್ನು ಅವಳ ಹಿಂದೆ ಕೂರಿಸಿದರು. ನನ್ನ ಹಿಂದೆ ಊರ ಹುಡುಗಿಯರು ಒಬ್ಬರಿಗೊಬ್ಬರು ಅಂಟಿಕೊಂಡರು; ತೀರ ಕೊನೆಯವಳು ಇನ್ನೂ ತೊದಲು ಮಾತಾಡುತ್ತಿದ್ದ ಪುಟ್ಟಿ. ನಾನು ಅಕ್ಕನ ಸೊಂಟ ಹಿಡಿಯಲಿಲ್ಲ. ಅವಳ ಬೆನ್ನಿಗೆ ಮುಖವೊತ್ತಿ ಅಳತೊಡಗಿದೆ.

"ಏನಾತ ಬೇ ನಿನಗ?"

"ಅಕ್ಕಾ, ಬೆಂಕಿ ಹಚ್ಚಿದಲ್ಲೆ ಟೊಳ್ಳಾಗೈತಿ. ಹಗೇವಿನ ಗತೆ ಸಪ್ಪಳ ಬರತೈತಿ. ಯಾರೂ ಕೇಳವಲ್ರು."

ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ, ನೀರು ಇಂಗಿದ ಜಾಗವನ್ನೇ ನೋಡಿದಳು. "ಕಾಲುಂಗರ ಸಡ್ಲ ಆಗೈತಿ, ತಡೀರಿ" ಎಂದು ಎದ್ದು, ದಾರಿಯ ಮಗ್ಗುಲಿಗೆ ಕೂತು ಕೂತೇ ಸರಿದು ಕೆಳಗಿಳಿದಳು. ಸುಟ್ಟ ಜಾಗದ ಅಂಚಿಗೆ ಕೈ ಚಾಚಿ ಗೆಣ್ಣಿನಿಂದ ಬಡಿದಳು. ತಲೆ ಬಗ್ಗಿಸಿ ಕಿವಿ ಇಟ್ಟಳು. ಎರಿ ನಾಡಿನ ಸೊಸೆ, ಮನೆಯಂಗಳದ ಹಗೇವಿನ ಮೇಲೆ ದಿನಾ ಓಡಾಡುವವಳು. ಅವಳು ತಲೆ ಎತ್ತಿದಾಗ ಮುಖದಲ್ಲಿ ರಕ್ತ ಇರಲಿಲ್ಲ.

"ಲಗೂನ ಬಾ ಬೇ, ಮಳಿ ಬರತೈತಿ!" ಎಂದು ಮೇಲಿನಿಂದ ಕೂಗಿದರು.

ಅವಳು ಮೇಲೆ ಹತ್ತಿದಳು. ಸಾಲಿಗೆ ಬರಲಿಲ್ಲ. ನೆಟ್ಟಗೆ ಆಯಿಯ ಹತ್ತಿರ ಹೋಗಿ ಕಿವಿಯಲ್ಲಿ ಏನೋ ಹೇಳಿದಳು. ಆಯಿಯ ಬೊಚ್ಚುಬಾಯಿ ತೆರೆದದ್ದು ತೆರೆದಂತೆಯೇ ನಿಂತಿತು.

"ಯವ್ವಾ ನನ್ನವ್ವಾ! ಸಾಲು ಬಿಚ್ಚರ್ಲೇ, ಬಿಚ್ಚರಿ! ನನ್ನ ಮಮ್ಮಗಳು ಬಸುರಿ! ಎರಡು ತಿಂಗಳು ತಪ್ಪೈತಂತ!"

ಅವ್ವ ಓಡಿ ಬಂದಳು. "ಹುಚ್ಚೀ, ಜಾರಾಕ ಕುಂತಿದ್ದೆಲ್ಲಾ! ಮೊದಲ ಯಾಕ ಹೇಳಲಿಲ್ಲ?"

"ನಾಚಿಕಿ ಆತಬೇ" ಎಂದು ಗಂಗಕ್ಕ ತಲೆ ತಗ್ಗಿಸಿದಳು.

ಬಸುರಿ ಜಾರುವಂತಿಲ್ಲ. ಅವಳಿಲ್ಲದೆ ಸಾಲಿಲ್ಲ. ಮೇಲಾಗಿ ಇಂಥ ಸುದ್ದಿ ಕೇಳಿದ ಮೇಲೆ ಅವಳ ಉಡಿ ತುಂಬದೆ ಯಾರೂ ಬೇರೆ ಕೆಲಸ ಮಾಡುವಂತಿಲ್ಲ. ಊರ ಹೆಂಗಸರೆಲ್ಲ ಮಕ್ಕಳ ಕೈ ಹಿಡಿದು, ಹಾಡು ಹೇಳುತ್ತ ಅವಳ ಸುತ್ತ ಗುಡ್ಡ ಇಳಿದರು. ದೊಡ್ಡಪ್ಪ ಸಾಲು ತಪ್ಪಿದ್ದಕ್ಕೆ ಗೊಣಗಿದ, ಅಜ್ಜನಾಗುವ ಸಂಭ್ರಮದಲ್ಲಿದ್ದಂತೆ ಕೆಮ್ಮಿದ, ಅವನೂ ಇಳಿದ.

ನಮ್ಮ ಪಡಸಾಲೆಯಲ್ಲಿ ಅಕ್ಕನನ್ನು ಮಣೆಯ ಮೇಲೆ ಕೂರಿಸಿ ಉಡಿಗೆ ಅಕ್ಕಿ, ಕೊಬ್ಬರಿ ಹಾಕುತ್ತಿದ್ದಾಗ ಮಳೆ ಸುರಿಯಿತು. ಆ ಸೀಮೆಯಲ್ಲಿ ಅಪರೂಪಕ್ಕೆ ಬರುವಂಥ ದಪ್ಪ ಹನಿಯ ಮಳೆ. ಸ್ವಲ್ಪ ಹೊತ್ತಿಗೆ ಗುಡ್ಡದ ಕಡೆಯಿಂದ ಒಂದು ಸಪ್ಪಳ ಬಂತು. ಗುಡುಗು ಮೇಲಿನಿಂದ ಬರುತ್ತದೆ; ಇದು ಕಾಲಡಿಯಿಂದ ಬಂತು. ಗೂಟದ ಎತ್ತುಗಳು ಹಗ್ಗ ಜಗ್ಗಿದವು. ಅಟ್ಟದಿಂದ ಮಣ್ಣು ಉದುರಿ ಅಕ್ಕನ ಉಡಿಯ ಅಕ್ಕಿಯಲ್ಲಿ ಬಿತ್ತು.

ಮಳೆ ನಿಂತ ಮೇಲೆ ಹೋಗಿ ನೋಡಿದೆವು. ಹೊಳೆಯುವ ದಾರಿ ಇರಲಿಲ್ಲ. ಅದಿದ್ದಲ್ಲಿ ಒಡೆದ ಕೊಬ್ಬರಿಯಂಥ ಹಸಿ ಬಿಳಿ ಗಾಯ. ಉಸುಕಿನ ಗುಂಡಿಯ ಮೇಲೆ ಮನೆಯ ಬಾಗಿಲಿಗಿಂತ ದೊಡ್ಡ ಚಪ್ಪಡಿಗಳು ಒಂದರ ಮೇಲೊಂದು ಬಿದ್ದಿದ್ದವು. ಬೊಗಸೆಯೊಡ್ಡಿ ನಿಂತಿದ್ದ ಮಕ್ಕಳ ತಾಯಂದಿರು ಮಕ್ಕಳನ್ನು ಎತ್ತಿಕೊಂಡರು, ಎತ್ತಿಕೊಳ್ಳುವ ವಯಸ್ಸು ದಾಟಿದವರನ್ನೂ.

ಕೊನೆಗೆ ಯಾರೋ ಅಂದರು: "ಗಂಗವ್ವನ ಹೊಟ್ಟ್ಯಾಗಿನ ಕೂಸು ನಮ್ಮ ಹುಡುಗೂರನ್ನ ಉಳಸ್ತು."

ಇನ್ನಾರೋ ನನ್ನ ಕಡೆ ನೋಡಿ ಅಂದರು: "ಈ ನೀಲಿದು ಕರಿನಾಲಿಗಿ. ಟೊಳ್ಳು ಟೊಳ್ಳು ಅಂತ ಅಂದಂದ ಕೆಡವಿದ್ಳು ನೋಡ್ರಿ."

ಜನ್ಮದಲ್ಲಿ ಒಂದೇ ಸಲ ನನ್ನ ಅಂಜಿಕೆ ನಿಜವಾಗಿತ್ತು. ಅದಕ್ಕೆ ಸಿಕ್ಕ ಬಿರುದು ಅದು.

ಮರುದಿನ ಹಿತ್ತಲಲ್ಲಿ ಅಕ್ಕ ತಲೆ ಬಾಚಿಕೊಳ್ಳುತ್ತಿದ್ದಾಗ ಕೇಳಿದೆ. "ಅಕ್ಕಾ, ಕೂಸು ಗಂಡೋ ಹೆಣ್ಣೋ?"

ಅವಳು ಸುತ್ತ ನೋಡಿದಳು. "ಕೂಸೂ ಇಲ್ಲ, ಏನೂ ಇಲ್ಲ."

"ಮತ್ತ ಕಲ್ಲು ಟೊಳ್ಳೈತಿ ಅಂತನ ಹೇಳಬೇಕಿತ್ತಲ್ಲ?"

"ನೀ ಹೇಳಿದ್ದೆಲ್ಲ, ಯಾರು ಕೇಳಿದ್ರು?" ಹಣಿಗೆಯಲ್ಲಿ ಸಿಕ್ಕ ಕೂದಲನ್ನು ಬೆರಳಿಗೆ ಸುತ್ತುತ್ತ ಅಂದಳು. "ಹೆಂಗಸರ ಬಾಯಾಗ ಊರವರು ನಂಬೂ ಮಾತು ಇದೊಂದ ನೋಡು. ನಿನ್ನ ಮಾತು ನಾ ನಂಬೀನಿ. ನನ್ನ ಮಾತು ನೀ ನುಂಗಬೇಕು. ಯಾರ ಮುಂದೂ ಅನ್ನಬ್ಯಾಡ."

ಅವಳು ಹಾಗೆ ಹೇಳಿದಾಗ ಪಾರಾದೆವು ಎಂದುಕೊಂಡಿದ್ದೆ. ಆದರೆ ಸುದ್ದಿ ಅವಳಿಗಿಂತ ಮೊದಲೇ ಯಲಬುರ್ಗಾ ಕಡೆ ಹೋಗಿ ಮುಟ್ಟಿತ್ತು. ಅಲ್ಲಿ ಅತ್ತೆ ತೊಟ್ಟಿಲು ತೊಳೆಸಿಟ್ಟಿದ್ದಳು. ಅಕ್ಕ ಎಷ್ಟು ದಿನ ಆ ಸುಳ್ಳನ್ನು ಹೊತ್ತಳೋ, ಒಂದು ದಿನ ಬಸುರು ಇಳಿಯಿತು ಎಂದು ಹೇಳಬೇಕಾಯಿತು. ಕಲ್ಲು ಬಿದ್ದ ಸಪ್ಪಳಕ್ಕೆ ಬೆದರಿ ಇಳಿದಿದೆ ಎಂದು ಅತ್ತೆ ತೀರ್ಮಾನ ಮಾಡಿದಳು. "ಆ ಕಲ್ಲೂರಿಗೆ ನಮ್ಮ ಸೊಸೀನ್ನ ಮತ್ತ ಕಳಸೂದಿಲ್ಲ" ಎಂದು ಹೇಳಿ ಕಳಿಸಿದಳು. ಆಡಿದ ಮಾತು ಉಳಿಸಿಕೊಳ್ಳುವ ಹೆಂಗಸು. ನಮ್ಮ ಅಕ್ಕ ಮೂರು ಹಡೆದರೂ ಒಂದು ಪಂಚಮಿಗೂ ತವರಿಗೆ ಬರಲಿಲ್ಲ. ಆಯಿ ತೀರಿಕೊಂಡಾಗ ಬಂದಳು, ಮಣ್ಣಾದ ಮೇಲೆ ನಿಲ್ಲಿಸದೆ ಕರೆದೊಯ್ದರು.

ಅವ್ವ ಮಾತ್ರ ಪ್ರತಿ ಪಂಚಮಿಗೂ ಒಂದು ತಂಬಿಟ್ಟಿನ ಉಂಡಿ ಎತ್ತಿಡುತ್ತಿದ್ದಳು. ಎಲೆಯ ಮೇಲಿಟ್ಟು ಬಿದ್ದ ಚಪ್ಪಡಿಗಳ ಹತ್ತಿರ ಒಯ್ಯುವಳು. "ನಮ್ಮ ಗಂಗಾನ ಮೊದಲನೇದಕ್ಕ" ಎನ್ನುವಳು. ನಾನು ಜೊತೆಗೆ ಹೋಗಿ ಸುಮ್ಮನೆ ನಿಂತಿರುತ್ತಿದ್ದೆ. ಕರಿನಾಲಿಗೆಯವಳಿಗೆ ಸುಮ್ಮನಿರುವುದು ಅಭ್ಯಾಸವಾಗಿತ್ತು.

ಈಗ ನನಗೆ ಐವತ್ತು ದಾಟಿದೆ. ನಮ್ಮ ಹೊಸ ಮನೆಯ ಗೃಹಪ್ರವೇಶದ ದಿನ ಬಂದವರೆಲ್ಲ ಹೋಳಿಗೆ ಉಣ್ಣುತ್ತಿದ್ದರೆ ನಾನು ಗೆಣ್ಣಿನಿಂದ ಗೋಡೆ ಬಡಿಯುತ್ತ ತಿರುಗಿದೆ. ಮಕ್ಕಳು ಇಂದಿಗೂ ಅದನ್ನು ಹೇಳಿ ನಗುತ್ತಾರೆ. ನನ್ನ ಮಗಳ ಬಟ್ಟೆಗೆ ಒಂದು ತೇಪೆಯೂ ಬೀಳಲಿಲ್ಲ. ಅವಳಿಗೆ ಯಾರು ಕಲ್ಲು ನುಣ್ಣಗೆ ಮಾಡಬೇಕು ಎಂದು ಆಯಿ ಕೇಳಿದ್ದಳಲ್ಲ, ಯಾರೂ ಮಾಡಲಿಲ್ಲ. ಬಸ್ಸಿನಿಂದ ನೋಡಿದರೆ ನಮ್ಮ ಗುಡ್ಡದ ಗಾಯ ಈಗ ಕಪ್ಪಗಾಗಿ ಉಳಿದ ಬಂಡೆಯಲ್ಲಿ ಸೇರಿಹೋಗಿದೆ. ಎಷ್ಟೋ ತಲೆಮಾರಿನ ಹುಡುಗಿಯರು ಮೈ ತಿಕ್ಕಿ ಬರೆದದ್ದು ಅಲ್ಲಿತ್ತು ಎಂದರೆ ಪಕ್ಕದಲ್ಲಿ ಕೂತವರು ನಂಬುವುದಿಲ್ಲ. ಪಾರಿವಾಳಗಳು ತಿರುಗಿ ಬಂದವೋ ಇಲ್ಲವೋ, ನೋಡುವವರು ಯಾರೂ ಇಲ್ಲ.

ಅವ್ವ ಹೋದ ವರ್ಷ ತೀರಿಕೊಂಡಳು. ಈ ಸಲ ಪಂಚಮಿಗೆ ನಾನೇ ಬಸ್ಸು ಹತ್ತಿ ಯಲಬುರ್ಗಾ ದಾಟಿ ಅಕ್ಕನ ಮನೆಗೆ ಹೋದೆ. ಕೂರುವ ಮುನ್ನ ಕಾಲಿನಿಂದ ನೆಲ ಬಡಿದೆ. ಡಬ್ ಎಂದಿತು. ನಾನು ಹಿಂದೆ ಸರಿದೆ.

"ಅಂಜಬ್ಯಾಡ ಬೇ, ಹಗೇವು" ಎಂದಳು ಅಕ್ಕ. "ಜ್ವಾಳ ತುಂಬೂದು ಬಿಟ್ಟು ಭಾಳ ದಿನ ಆತು. ಖಾಲಿ ಐತಿ."

ಅವಳ ತಲೆ ಪೂರ್ತಿ ಬೆಳ್ಳಗಾಗಿದೆ. ಮೊಮ್ಮಕ್ಕಳಿಗೆಲ್ಲ ತಂಬಿಟ್ಟಿನ ಉಂಡಿ ಹಂಚಿದಳು. ಎಲ್ಲರಿಗೂ ಕೊಟ್ಟಾದ ಮೇಲೆ, ಅವ್ವ ಇಡುತ್ತಿದ್ದಳೆಂದು ನಾನು ಹಿಂದೆ ಹೇಳಿದ್ದಂತೆಯೇ ಒಂದನ್ನು ಎಲೆಯ ಮೇಲಿಟ್ಟು, ಒಲೆಯ ಪಕ್ಕದ ಗೂಡಿನಲ್ಲಿ ಇಟ್ಟಳು.

ನನಗೆ ತಡೆಯಲಾಗಲಿಲ್ಲ. "ಅಕ್ಕಾ, ಅವ್ವಗ ಗೊತ್ತಿದ್ದಿಲ್ಲ, ಇಡತಿದ್ಳು. ನಿನಗ ಗೊತ್ತೈತೆಲ್ಲ?"

ಅವಳು ಸೆರಗಿಗೆ ಕೈ ಒರೆಸಿಕೊಂಡಳು.

"ಇಷ್ಟು ವರ್ಷ ಅವ್ವ ಉಣಿಸ್ಯಾಳ," ಎಂದಳು. "ಈಗ ಅದನ್ನ ಉಪಾಸ ಕೆಡವಲೇನು?"

ನಾನು ಗೂಡಿಗೆ ಇರುವೆ ಹತ್ತಬಹುದೆಂದು ಅಂಜಿ, ಒಂದು ಬಟ್ಟಲು ತಂದು ಉಂಡಿಯ ಮೇಲೆ ಬೋರಲು ಹಾಕಿದೆ.